ಹುಣಸೆಮರದ ಪರವಾಗಿಯೂ ವಿರುದ್ಧವಾಗಿಯೂ

ವಾದದಲ್ಲಿ ಸೋಲುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಕನಿಕರ. ಗೆದ್ದು ಕೆಟ್ಟವರೂ ಉಂಟೆಂದು ನಮ್ಮ ಮನೆ ಕಟ್ಟುವವರೆಗೆ ತಿಳಿದಿರಲಿಲ್ಲ. ಮಂಡ್ಯದ ಕಾಲೇಜಿನಲ್ಲಿ ಚರ್ಚಾಕೂಟದ ಮೇಷ್ಟ್ರು ಒಂದು ಪದ್ಧತಿ ಇಟ್ಟಿದ್ದರು: ಮೊದಲು ವಿಷಯದ ಪರವಾಗಿ ಮಾತಾಡಬೇಕು, ಒಂದು ಲೋಟ ನೀರು ಕುಡಿದು, ಅದೇ ಹುರುಪಿನಲ್ಲಿ ವಿರುದ್ಧವಾಗಿ ಮಾತಾಡಬೇಕು. ಮೂರು ವರ್ಷದಲ್ಲಿ ಇದು ನನಗೆ ತುರಿಕೆಯಂತೆ ಅಂಟಿತು. ಸಾರು ಚೆನ್ನಾಗಿದೆ ಎಂದವನು, ಕೈ ತೊಳೆಯುವುದರೊಳಗೆ ಅದನ್ನು ಖಂಡಿಸದಿದ್ದರೆ ಕೂತಲ್ಲಿ ಕೂರಲಾರೆ.

ಕಿರುಗಾವಲಿನ ಹತ್ತಿರದ ನಮ್ಮೂರಿನಲ್ಲಿ ಅಪ್ಪ ಮಣ್ಣಿನ ಮನೆ ಕೆಡವಿ ತಾರಸಿ ಮನೆ ಕಟ್ಟಿಸಲು ಹೊರಟ. ನಮ್ಮ ಹೊಲದ ಮಣ್ಣಿನಲ್ಲೇ ಇಟ್ಟಿಗೆ ಕೊಯ್ದು, ಅಲ್ಲೇ ಗೂಡು ಹಾಕಿ ಸುಡುವುದು. ಸೌದೆಗೆ ಹಿತ್ತಿಲ ಹುಣಸೆಮರ. ಆ ಮರದ ನೆರಳೇ ಅವ್ವನಿಗೆ ಮಧ್ಯಾಹ್ನದ ಮನೆ. ಹಸು ಕಟ್ಟುವುದು, ಅವರೆಕಾಯಿ ಸುಲಿಯುವುದು, ಓರಗಿತ್ತಿಯನ್ನು ಬೈಯುವುದು, ಎಲ್ಲ ಅಲ್ಲೇ. "ಇಷ್ಟೊಂದು ಓದಿದ್ದೀಯಲ್ಲಾ, ನಿಮ್ಮಪ್ಪಂಗೊಸಿ ಬುದ್ಧಿ ಏಳು" ಎಂದಳು.

ಎದ್ದು ನಿಂತೆ. "ಮಣ್ಣಿನ ಮನೆ ಕೆರೆಯ ಹೂಳಿನಲ್ಲಿ ಏಳುತ್ತದೆ, ಬಿದ್ದರೆ ಹೊಲಕ್ಕೆ ಗೊಬ್ಬರವಾಗುತ್ತದೆ. ಇಟ್ಟಿಗೆ ಮನೆ ಹೊಲವನ್ನೂ ತಿನ್ನುತ್ತದೆ, ಮರವನ್ನೂ ತಿನ್ನುತ್ತದೆ; ಬಿದ್ದ ಮೇಲೆ ಅದರ ಮೇಲೆ ಹುರುಳಿಯೂ ಹುಟ್ಟದು!" ಅಪ್ಪನ ಬೀಡಿ ಆರಿಹೋಯಿತು. "ನಿಜ ಕಣ್ಲಾ. ಓಗ್ಲಿ ಬುಡು, ಮಣ್ಗೋಡೇನೇ ಆಕ್ಸುಮ" ಎಂದ. ಅವ್ವ ಹಿಗ್ಗಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು.

ಕುಡಿದೆ. ಲೋಟ ಕೆಳಗಿಟ್ಟವನೇ, "ಆದರೆ" ಎಂದೆ.

ಮಣ್ಣಿನ ಮನೆಗೆ ಹೊದಿಸುವ ನಾಡಹೆಂಚೂ ಗೂಡಿನಲ್ಲಿ ಸುಟ್ಟದ್ದೇ ಅಲ್ಲವೇ? ತೊಲೆ, ಜಂತೆಗೆ ಮರ ಬೇಡವೇ? ಗೆದ್ದಲು ಹಿಡಿದರೆ ಮತ್ತೆ ಮರ! ತಾರಸಿ ಒಂದು ಸಲ ಮರ ತಿಂದರೆ ಮೂರು ತಲೆಮಾರು ಉಪವಾಸ! ಅವ್ವ ಕಣ್ಣು ಬಿಟ್ಟಳು, ನನ್ನ ಅಂಗಿ ಜಗ್ಗಿದಳು, ನಾನು ನಿಲ್ಲಲಿಲ್ಲ. ಅಪ್ಪ ಇನ್ನೊಂದು ಬೀಡಿ ಹಚ್ಚಿ, "ಇದೂ ನಿಜವೇಯ" ಎಂದು ಮರ ಕಡಿಯುವವರಿಗೆ ಹೇಳಿಕಳಿಸಿದ.

"ಬಾಯಿ ಮುಚ್ಕೊಳ್ಳಾದ ಆ ಕಾಲೇಜ್ನಲ್ಲಿ ಏಳ್ಕೊಡಕಿಲ್ವೇನ್ಲಾ?" ಎಂದಳು ಅವ್ವ.

ಮಾರನೆಯ ದಿನ ಕೊಡಲಿಯವರು ಬಂದಾಗ ನಾನು ಮರವನ್ನು ಸುತ್ತುತ್ತಾ, "ಅಪ್ಪ, ಇನ್ನೊಂದ್ಸಲ ಕೇಳು" ಎಂದು ಗೋಗರೆದೆ. "ಎಲ್ಡೂ ಕೇಳಾಯ್ತಲ್ಲಾ. ಕಡೇಗೇಳಿದ್ರಲ್ಲಿ ತೆಪ್ಪೆಲ್ಲೈತೆ ತೋರ್ಸು, ನಿಲ್ಲುಸ್ತೀನಿ" ಎಂದ. ಹುಡುಕಿದೆ. ಹಾಳಾದ್ದು, ಒಂದೂ ಸಿಗಲಿಲ್ಲ.

ಈಗ ಮನೆ ಕಟ್ಟಿಸುವವರು ಮಳವಳ್ಳಿ ಕಡೆಯಿಂದಲೂ ನನ್ನ ಸಲಹೆಗೆ ಬರುತ್ತಾರೆ. ಅವ್ವ ಬಾಗಿಲಲ್ಲೇ ತಡೆದು, "ನಿಮ್ಮನೆ ತಾವು ಮರ ಐತಾ?" ಎಂದು ಕೇಳುತ್ತಾಳೆ. ಇದೆ ಎಂದರೆ, "ನಮ್ಮುಡ್ಗ ಊರಲ್ಲಿಲ್ಲ ಕಣಪ್ಪಾ" ಎಂದು ಸಾಗಹಾಕುತ್ತಾಳೆ. ಕಾದ ತಾರಸಿಯ ಕೆಳಗೆ ಬೆವರುತ್ತಾ ಕೂತ ನಾನು, ಅವ್ವನ ಆ ಮಾತನ್ನು ಅಲ್ಲಗಳೆಯಬೇಕೆಂದು ಬಾಯಿ ತುರಿಸಿ, ಎರಡು ಸಲ ಏಳುತ್ತೇನೆ, ಎರಡು ಸಲ ಕೂರುತ್ತೇನೆ.