ತಮ್ಮನ ವೆಬ್‌ಸೈಟಿಗೆ ಬಂದು ಹೋಗುವವರು

ನನಗಾಗ ಅರವತ್ತೆಂಟು, ಈ ಮಾತಿಗೆ ಆರು ವರ್ಷವಾಯಿತು. ಅಂಗಡಿಯೇ ಇಲ್ಲದೆ ಗಿರಾಕಿ ಕಾಯುವ ಮನುಷ್ಯ ಮುಂಡರಗಿಯಲ್ಲಿ ಯಾರಾದರೂ ಇದ್ದರೆ, ಅವನು ನನ್ನ ತಮ್ಮ. ಹಳೇ ಸೀರೆ ಕೂಡಿಸಿ, ಓಣಿಯ ಹೆಂಗಸರಿಂದ ಹೊದೆಯುವ ಕೌದಿ ಹೊಲಿಸಿ ಮಾರುತ್ತಿದ್ದ. ಸಂತೆಯಲ್ಲಿ ಕೂತರೆ ಮರ್ಯಾದೆ ಹೋಗುತ್ತದಂತೆ. ಜಿಲ್ಲೆಯಾದ ಮೇಲೆ ಗದಗಿನಲ್ಲಿ ಏನು ಕೇಳಿದರೂ ಮಾಡಿಕೊಡುತ್ತಾರಲ್ಲ, ಅಲ್ಲಿ ಯಾರನ್ನೋ ಹಿಡಿದು ವೆಬ್‌ಸೈಟ್ ಮಾಡಿಸಿದ. ಅಂದಿನಿಂದ ಕೌದಿ ಮಾರುವುದು ಬಿಟ್ಟು, ಅದನ್ನು ಯಾರು ನೋಡಿದರು ಎಂದು ನೋಡುತ್ತ ಕೂತ.

ಎಷ್ಟು ಜನ ಬಂದರು, ಎಷ್ಟು ಹೊತ್ತು ಇದ್ದರು, ಯಾವ ಊರಿನವರು, ಎಲ್ಲ ಫೋನಿನಲ್ಲಿ ಕಾಣುತ್ತಿತ್ತು. ಕೊಂಡವರು ಎಷ್ಟು ಎಂದು ಕೇಳಿದರೆ ಮಾತ್ರ ಅವನಿಗೆ ಕಿವಿ ಕೇಳುತ್ತಿರಲಿಲ್ಲ. ಅವನ ಸಂಕಟವೆಲ್ಲ ಬಂದ ಕೂಡಲೇ ತಿರುಗಿ ಹೋಗುವವರದು.

"ಯಕ್ಕಾ, ಹೊಸ್ತಿಲಕ್ಕ ಬಂದು ನೀರು ಸೈತ ಕುಡೀದ ಹೊಂಟ್ರ ಏನಂತ ತಿಳೀಬೇಕು?"

"ನಿನ್ನ ಮಾರಿ ನೋಡಿರಬೇಕು, ಹೋಗ್ಯಾರ."

ನಮ್ಮ ಕಡೆ ಬೀಗರು ಬಂದರೆ, ಹೊರಡದಿರಲೆಂದು ಅವರ ಚಪ್ಪಲಿ, ಚೀಲ ಮುಚ್ಚಿಡುವುದುಂಟು. ತಮ್ಮನದು ಇದರಲ್ಲಿ ಪಳಗಿದ ಕೈ. ಹಿರೇವಡ್ಡಟ್ಟಿಯ ಬೀಗರೊಬ್ಬರ ಚಪ್ಪಲಿ ಎಲ್ಲಿಟ್ಟೆನೆಂಬುದೇ ಇವನಿಗೆ ಮರೆತುಹೋಗಿ, ಆ ಹಿರಿಯರು ನನ್ನ ಚಪ್ಪಲಿ ಮೆಟ್ಟಿಕೊಂಡು ಬಸ್ ಹತ್ತಿದ್ದನ್ನು ಇಡೀ ಓಣಿ ನೋಡಿದೆ. ಅದೇ ಬುದ್ಧಿಯನ್ನು ವೆಬ್‌ಸೈಟಿಗೂ ಹಚ್ಚಿದ. ಹೊರಗೆ ಹೋಗಲು ಎಲ್ಲಿ ಒತ್ತಿದರೂ "ಚಹಾ ಕುಡದು ಹೋಗ್ರಿ" ಎಂಬ ಫಲಕ ಅಡ್ಡ ಬರುವಂತೆ ಮಾಡಿಸಿದ.

ವಾರದೊಳಗೆ ಕುಣಿಯುತ್ತ ಬಂದ. "ಈಗ ಮಂದಿ ತಾಸುಗಟ್ಟಲೆ ಕುಂಡ್ರತಾರ, ಯಕ್ಕಾ."

"ಕುಂಡ್ರಾಕ ಹತ್ತಿಲ್ಲಲೇ, ಬಾಗಲಾ ಹುಡುಕಾಕ ಹತ್ಯಾರ."

ಹೊಂಬಳದ ಒಬ್ಬಾಕೆ ಫೋನ್ ಮಾಡಿ, ಈ ನಿಮ್ಮ ಕೌದಿಯನ್ನು ನನ್ನ ಫೋನಿನಿಂದ ತೆಗೆಯುವುದು ಹೇಗೆ ಎಂದು ಬೈದಳು. ಅದನ್ನೂ ಅವನು ಗಿರಾಕಿಯ ಪ್ರೀತಿ ಎಂದೇ ತಿಳಿದ. ಇಂಥವನಿಗೆ ಏನು ಹೇಳುವುದು?

ಒಂದು ಸಂಜೆ ಬಂದವನು ಫೋನನ್ನು ನನ್ನ ಮುಂದೆ ಹಿಡಿದ. ನಾನು ಅಕ್ಷರ ಕೂಡಿಸುವಷ್ಟರಲ್ಲಿ ತಾನೇ ಓದಿ ಹೇಳಿದ. ಲಕ್ಷ್ಮೇಶ್ವರದಿಂದ ಯಾರೋ ದಿನಾ ಮಧ್ಯಾಹ್ನ ಬರುತ್ತಾರಂತೆ. ಬೇರೆ ಯಾವ ಕೌದಿಯನ್ನೂ ನೋಡುವುದಿಲ್ಲ. ಒಂದನ್ನೇ ತೆರೆದು ಬಹಳ ಹೊತ್ತು ಇರುತ್ತಾರಂತೆ. ತೀರಿಹೋದ ಅವನ ಹೆಂಡತಿಯ ಸೀರೆಗಳಿಂದ ಹೊಲಿಸಿದ್ದು ಅದು. ಮಾರಲಿಕ್ಕಲ್ಲ, ತೋರಿಸಲಿಕ್ಕೆ ಹಾಕಿದ್ದ.

ಲಕ್ಷ್ಮೇಶ್ವರದಲ್ಲಿ ಅವನ ಮಗಳಿದ್ದಾಳೆ. ತಾನೇ ಗಂಡನನ್ನು ಆರಿಸಿಕೊಂಡಳೆಂದು ಇವನು ಮನೆಗೆ ಬರಬೇಡ ಎಂದಿದ್ದ. ತಾಯಿಯ ಮಣ್ಣಿಗೆ ಬಂದವಳು ಅಂಗಳದಿಂದಲೇ ಹೋಗಿದ್ದಳು.

"ಆಕಿನ ಇರಬೇಕೇನ, ಯಕ್ಕಾ?"

"ಲಕ್ಷ್ಮೇಶ್ವರದಾಗ ನಿನ್ನ ಮಗಳೊಬ್ಬಾಕಿನ ಅದಾಳನ? ಪಾಪ, ಯಾರೋ ಹೊರಗ ಬರಾಕ ಆಗದ ಸಿಕ್ಕೊಂಡಿರಬೇಕು."

"ದಿನಾ ಸಿಕ್ಕೊಳ್ಳಾಕ ಬರ್ತಾರನ?"

"ನೀನ ಹೋಗಿ ಕೇಳಲೇ," ಎಂದೆ.

"ಯಾವ ಮಾರಿ ಇಟ್ಕೊಂಡು ಹೋಗ್ಲಿ? ಇಲ್ಲಿಂದ ನೋಡಿದ್ರ ಸಾಕು. ಇವತ್ತ ಭಾಳ ಹೊತ್ತ ಇದ್ಲು."

ಮರುದಿನ ಬೆಳಿಗ್ಗೆ ಅವನನ್ನು ಎಬ್ಬಿಸಿ, ಆ ಕೌದಿಯನ್ನು ಸುತ್ತಿ ಅವನ ಹೆಗಲಿಗೆ ಹೊರಿಸಿ, ಲಕ್ಷ್ಮೇಶ್ವರದ ಬಸ್ಸಿಗೆ ದೂಡಿದೆ. ಕಿಟಕಿಯ ಕಡೆ ಅವನನ್ನು ಕೂರಿಸಿ, ನಡುವೆ ಇಳಿದು ಓಡದಂತೆ ಈಚೆ ಕಡೆ ನಾನೇ ಕುಳಿತೆ.