ಟ್ಯಾಂಕು ಖಾಲಿ ಎಂದು ಹೇಳುತ್ತಲೇ ಇದ್ದ ಕ್ಯಾರವಾನಿನ ಪ್ಯಾನೆಲ್ಲಿಗೆ

ಡೊಂಬಿವಲಿ ಪೂರ್ವ,
ಜುಲೈ ತಿಂಗಳ ಬಿಸಿಲಿಲ್ಲದ ಒಂದು ಬೆಳಿಗ್ಗೆ

ಶ್ರೀಮತಿ ಪ್ಯಾನೆಲ್ ಅವರಿಗೆ,
ಸಿಂಕಿನ ಮೇಲ್ಗಡೆ, ಬಾಡಿಗೆ ಕ್ಯಾರವಾನು,
ಸದ್ಯದ ಬಿಡಾರ: ತುರ್ಭೆಯ ಒಂದು ಗ್ಯಾರೇಜು.

ಮಾನ್ಯರೇ,

ಮೊದಲಿಗೆ ತಮ್ಮ ಪಾದಗಳಿಗೆ, ಪಾದಗಳಿಲ್ಲದಿರುವುದರಿಂದ ತಮ್ಮ ಮಿನುಗುವ ದೀಪಗಳಿಗೆ, ನನ್ನ ಸವಿನಯ ನಮಸ್ಕಾರಗಳು. ತಾವು ಈಗ ಒಣಗಿ ಕ್ಷೇಮವಾಗಿರುವಿರೆಂದೂ, ತಮ್ಮ ತಂತಿಗಳೊಳಗೆ ಹೊಕ್ಕಿದ್ದ ಕೆಸರನ್ನು ಮೆಕ್ಯಾನಿಕರು ಹೊರತೆಗೆದಿರುವರೆಂದೂ ನಂಬಿದ್ದೇನೆ. ಇತ್ತ ನಾವು ಮೂವರೂ ಕ್ಷೇಮ: ಸುಗುಣಾ ಎಂಬ ನಾನು, ನನ್ನ ಯಜಮಾನರಾದ ಅಭಯ್, ಮತ್ತು ಮೈಸೂರಿನಿಂದ ಬಂದು ನಮ್ಮೊಂದಿಗೇ ಇರುವ ಅವರ ತಾಯಿ ಭಾಗೀರಥಿಯವರು. ದೂರು ಪತ್ರ ಬರೆಯುವುದನ್ನು ನನಗೆ ಇಲ್ಲಿನ ಕನ್ನಡ ಶಾಲೆಯಲ್ಲಿ ಚೆನ್ನಾಗಿಯೇ ಕಲಿಸಿದ್ದಾರೆ. ಆದರೆ ಆಗ ನಾವು ಬರೆಯುತ್ತಿದ್ದುದು ನಲ್ಲಿಯಲ್ಲಿ ನೀರು ಬಾರದಿರುವ ಬಗ್ಗೆ ಪಾಲಿಕೆಯವರಿಗೆ. ನೀರು ಮನೆಯೊಳಗೇ ಬಂದು ಕುಳಿತರೆ ಯಾರಿಗೆ ಬರೆಯಬೇಕೆಂದು ಮೇಷ್ಟ್ರು ಹೇಳಿಕೊಟ್ಟಿರಲಿಲ್ಲವಾದ್ದರಿಂದ ತಮಗೇ ಬರೆಯುತ್ತಿದ್ದೇನೆ.

ಬೇಲಾಪುರದ ಆಫೀಸಿನಲ್ಲಿ ಊರವರ ಲೆಕ್ಕವನ್ನೆಲ್ಲ ಸರಿದೂಗಿಸುವ ನನ್ನ ಯಜಮಾನರಿಗೆ ಮನೆಯ ಒಂದು ಲೆಕ್ಕ ಮಾತ್ರ ಮದುವೆಯಾದಂದಿನಿಂದ ಕೂಡಿಬಂದಿಲ್ಲ. ಅತ್ತೆಯವರದು ಒಂದು ತಾಮ್ರದ ಬಿಂದಿಗೆ. ದಿನಾ ಸ್ನಾನವಾದ ಮೇಲೆ ಮಡಿಯುಟ್ಟು, ನಿನ್ನೆಯ ನೀರು ಚೆಲ್ಲಿ, ತಾವೇ ಅದನ್ನು ನಲ್ಲಿಗೆ ಹಿಡಿದು ತುಂಬಿ, ತಟ್ಟೆ ಮುಚ್ಚಿ, ಕಿಟಕಿಯ ಪಕ್ಕ ಇಟ್ಟುಕೊಳ್ಳುತ್ತಾರೆ. ಅದನ್ನು ನಾನು ಮುಟ್ಟಕೂಡದು. ನನ್ನ ಕೈಯಿಂದ ಅವರು ಇಂದಿನವರೆಗೆ ಒಂದು ಗುಟುಕು ನೀರು ಕುಡಿದವರಲ್ಲ. ಕಾರಣವನ್ನು ಅವರು ಪಕ್ಕದ ಮನೆಯ ಸುಲೋಚನಾ ಅವರಿಗೆ ಪಿಸುದನಿಯಲ್ಲಿ, ನನಗೂ ಕೇಳಿಸುವಷ್ಟು ಪಿಸುದನಿಯಲ್ಲಿ, ಹೇಳಿದ್ದುಂಟು: "ಹುಡುಗಿ ಒಳ್ಳೇವಳೇ. ಆದ್ರೆ ಹೋಟೆಲಿನವರ ಮನೆಯವಳು ನೋಡಿ, ಊರೋರ ಎಂಜಲು ಲೋಟ ತೊಳೆದಿರೋ ಕೈ."

ಆರೋಪ ನಿಜ. ಉಡುಪಿಯಿಂದ ಬಂದ ನನ್ನ ತಂದೆ ಡೊಂಬಿವಲಿ ಸ್ಟೇಷನ್ ಬಳಿ ಸಸ್ಯಾಹಾರಿ ಹೋಟೆಲು ನಡೆಸುತ್ತಾರೆ. ಅಲ್ಲಿ ಯಾರೇ ಬಂದು ಕುಳಿತರೂ ಮೊದಲು ಮುಂದೆ ಒಂದು ಲೋಟ ನೀರು, ಆಮೇಲೆ ಆರ್ಡರು. ಕುಳಿತವರು ಯಾರು, ಯಾವ ಕಡೆಯವರು ಎಂದು ಕೇಳುವ ಪದ್ಧತಿಯಿಲ್ಲ. ಕೇಳುತ್ತ ನಿಂತರೆ ಹಿಂದಿನ ಮೇಜಿನವರು ಕೂಗಾಡುತ್ತಾರೆ. ಶಾಲೆಗೆ ರಜೆಯಿದ್ದಾಗ ಆ ಲೋಟಗಳನ್ನು ನಾನೂ ಇಟ್ಟಿದ್ದೇನೆ, ತೊಳೆದಿದ್ದೇನೆ, ಮತ್ತು ಆಗೆಲ್ಲ ಬಹಳ ಖುಷಿಯಾಗಿರುತ್ತಿದ್ದೆ.

ಹೀಗಿರುವಾಗ, ಒಂದೇ ಒಲೆ, ಒಂದೇ ಸಿಂಕು, ಒಂದೇ ನೀರಿನ ಟ್ಯಾಂಕು ಇರುವ, ಮನೆಯಂಥ ಬಾಡಿಗೆ ಗಾಡಿಯೊಳಗೆ ಅತ್ತೆ ಸೊಸೆಯರನ್ನು ಕೂರಿಸಿ ನಾಲ್ಕು ದಿನ ಕೊಂಕಣದ ಸಮುದ್ರತೀರದಲ್ಲಿ ನಿಲ್ಲಿಸಿಬಿಟ್ಟರೆ ಬಿಂದಿಗೆ ತಾನಾಗಿಯೇ ಮೂಲೆ ಸೇರುತ್ತದೆಂಬುದು ನನ್ನ ಯಜಮಾನರ ಯೋಜನೆಯಾಗಿತ್ತು. ಮಳೆಗಾಲದಲ್ಲಿ ಬೇಡವೆಂದು ನಾನು ಅಂದೆ. ಮಳೆಗಾಲದಲ್ಲೇ ಮಜಾ ಎಂದು ಅವರು ಅಂದರು. ಹೊರಡುವ ಬೆಳಿಗ್ಗೆ ಗಾಡಿ ಗೇಟಿನ ಬಳಿ ಬಂದು ನಿಂತಾಗ ಅತ್ತೆಯವರು ಅದರ ನೀರಿನ ಟ್ಯಾಂಕನ್ನು ಒಮ್ಮೆ ನೋಡಿ, "ಯಾರು ತುಂಬಿದ್ರೋ, ಎಂಥಾ ಕೈಯೋ. ಚೆಲ್ಲಿಬಿಡೋ ಅಭಯ್, ನಾನು ಸ್ನಾನ ಮಾಡ್ಕೊಂಡು ಬಂದು ಮಡೀಲಿ ತುಂಬಿಸ್ತೀನಿ" ಎಂದರು. ಆಜ್ಞಾಧಾರಕ ಮಗ ಟ್ಯಾಂಕಿನ ಅಷ್ಟೂ ನೀರನ್ನು ಹೌಸಿಂಗ್ ಸೊಸೈಟಿಯ ಗಟಾರಕ್ಕೆ ಬಿಟ್ಟರು. ಅತ್ತೆಯವರು ಸ್ನಾನ ಮುಗಿಸಿ ಬಿಂದಿಗೆ ತುಂಬಿಕೊಳ್ಳುವುದಕ್ಕೂ ನಲ್ಲಿ ನಿಲ್ಲುವುದಕ್ಕೂ ಸರಿಹೋಯಿತು. ನದಿ ಉಕ್ಕಿ ಪಂಪ್‌ಹೌಸಿಗೆ ನೀರು ನುಗ್ಗಿದರೆ ಬೆಳಗಿನ ನೀರು ಬಾರದೆ ಊರಿನ ನಲ್ಲಿಗಳೆಲ್ಲ ಒಣಗುತ್ತವೆಂಬುದು ಈ ಕಡೆಯ ಮಕ್ಕಳಿಗೂ ಗೊತ್ತು. ಮಡಿಗೆ ಗೊತ್ತಿರಲಿಲ್ಲ.

ಖಾಲಿ ಟ್ಯಾಂಕಿನಲ್ಲೇ ಹೊರಟು ಶಿಳಫಾಟಾ ಕೂಡುರಸ್ತೆ ದಾಟುವಾಗ ತಮ್ಮ ಮಧುರ ಕಂಠವನ್ನು ನಾವು ಮೊದಲು ಕೇಳಿದೆವು. "ಪಾನೀ ಕೀ ಟಂಕೀ ಖಾಲೀ ಹೈ. ಕೃಪಯಾ ಪಾನೀ ಭರ್ ಲೀಜಿಯೇ." ಟ್ಯಾಂಕು ಖಾಲಿಯಾಗಿದೆ, ದಯಮಾಡಿ ತುಂಬಿಸಿಕೊಳ್ಳಿ. ಎಂಥ ವಿನಯ! ಲೋಕಲ್ ರೈಲು ರದ್ದಾದುದನ್ನು ತಿಳಿಸುವವರೂ ಇಷ್ಟು ಅಕ್ಕರೆಯಿಂದ ಹೇಳುವುದಿಲ್ಲ. ಮಹಾಪೆಯಲ್ಲಿ ರಸ್ತೆಗೂ ಗಟಾರಕ್ಕೂ ವ್ಯತ್ಯಾಸ ತಿಳಿಯದಂತಾದಾಗ ತಾವು ಇದನ್ನೇ ಮತ್ತೆ ಹೇಳಿದಿರಿ. ತುರ್ಭೆಯ ಕಾರ್ಖಾನೆಗಳ ಹಿಂದಿನ ರಸ್ತೆಯಲ್ಲಿ ಚಕ್ರ ಹೊಂಡಕ್ಕಿಳಿದು ಇಂಜಿನ್ ಕೆಮ್ಮಿ ಪ್ರಾಣ ಬಿಟ್ಟಿತು. ಆ ಏಟಿಗೆ ಅತ್ತೆಯವರ ಮಡಿಲಲ್ಲಿದ್ದ ಬಿಂದಿಗೆ ಮಗುಚಿ, ನೀರೆಲ್ಲ ಒಂದು ತೊಟ್ಟೂ ಉಳಿಯದಂತೆ ಕಾರ್ಪೆಟ್ಟಿನ ಪಾಲಾಯಿತು. ಅತ್ತೆಯವರು ಬರಿಯ ಬಿಂದಿಗೆಯನ್ನು ನೆಟ್ಟಗೆ ಮಾಡಿ ಮಡಿಲಿಗೆ ಎಳೆದುಕೊಂಡರು. ಟ್ಯಾಂಕು ಖಾಲಿಯೆಂದು ತಾವು ಮತ್ತೆ ಹೇಳಿದಿರಿ.

ತಮ್ಮ ಕರ್ತವ್ಯನಿಷ್ಠೆಯನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ಆಕಾಶ ತೂತು ಬಿದ್ದಂತೆ ಸುರಿಯುತ್ತಿದ್ದರೂ, ಬಾಗಿಲ ಮೆಟ್ಟಿಲನ್ನು ಹತ್ತಿ ಒಳಬಂದ ನೀರಿನಲ್ಲಿ ನಮ್ಮ ಚಪ್ಪಲಿಗಳು ತೇಲಿಕೊಂಡು ಪಾಯಿಖಾನೆಯ ಕಡೆ ಹೊರಟಿದ್ದರೂ, ಸುತ್ತಮುತ್ತ ಏನಾಗುತ್ತಿದೆಯೆಂದು ಒಮ್ಮೆಯೂ ತಲೆಯೆತ್ತಿ ನೋಡದೆ, ತಮಗೆ ವಹಿಸಿದ ಒಂದೇ ಟ್ಯಾಂಕಿನ ವರದಿಯನ್ನು ಒಪ್ಪಿಸುತ್ತಲೇ ಇದ್ದಿರಿ. ಇಂಥ ಏಕಾಗ್ರತೆಯನ್ನು ನಾನು ಸರ್ಕಾರಿ ಕಚೇರಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ.

ಮಧ್ಯಾಹ್ನ ಕಳೆಯಿತು. ಬೆಳಗಿನ ಗಡಿಬಿಡಿಯಲ್ಲಿ ಮರೆತ ಬಿ.ಪಿ. ಮಾತ್ರೆಯನ್ನು ಅತ್ತೆಯವರು ಇನ್ನೂ ನುಂಗಬೇಕಿತ್ತು. ನನ್ನ ಬಳಿ ಎರಡು ಬಾಟಲಿ ನೀರಿತ್ತು, ಸೀಲು ಒಡೆಯದ್ದು. ಕೈ ತಾಗದಂತೆ ಟವೆಲ್ಲಿನ ತುದಿಯಿಂದ ಹಿಡಿದು ಮುಂದೆ ಚಾಚಿದೆ. "ಬೇಡಮ್ಮಾ, ನಂಗೆ ದಾಹ ಇಲ್ಲ" ಎಂದು ಒಣ ತುಟಿಯನ್ನು ನಾಲಿಗೆಯಿಂದ ಸವರಿಕೊಂಡರು. ಮಗ ತಾನೇ ಬಾಟಲಿಯ ಸೀಲು ಒಡೆದು ಕೊಡಹೋದರೆ, "ನೀನು ಬೆಳಿಗ್ಗೆ ಸ್ನಾನ ಎಲ್ಲೋ ಮಾಡಿದ್ದೀಯ?" ಎಂದು ಕೇಳಿದರು. ಸಂಜೆಯಾಗುತ್ತ ಅವರ ಮಾತು ತೊದಲತೊಡಗಿತು. ಸತ್ಯ ಹೇಳುತ್ತೇನೆ, ನನಗೆ ಅಷ್ಟು ಹೆದರಿಕೆ ಎಂದೂ ಆಗಿರಲಿಲ್ಲ. ಈ ಹೆಂಗಸು ನನ್ನ ಕಣ್ಣೆದುರೇ, ನಾನು ನೀರು ಹಿಡಿದು ನಿಂತಿರುವಾಗಲೇ, ಬಾಯಾರಿ ಹೋಗಿಬಿಡುತ್ತಾರೆ ಅನ್ನಿಸಿತು. ಆಗ ತಾವು "ಕೃಪಯಾ ಪಾನೀ ಭರ್ ಲೀಜಿಯೇ" ಎಂದಿರಿ, ಮತ್ತು ತಮ್ಮ ಮುಖಕ್ಕೆ ಫಟಾರನೆ ಒಂದು ಏಟು ಬಿತ್ತು. ಹೊಡೆದದ್ದು ನಾನೇ. ಕ್ಷಮಿಸಬೇಕು, ಆ ಏಟು ತಮಗೆಂದು ಎತ್ತಿದ್ದಾಗಿರಲಿಲ್ಲ.

ನಮ್ಮನ್ನು ಪಾರುಮಾಡಿದವರು ಚಂದ್ರಾಮ ಮತ್ತು ಗುರಮ್ಮ. ಕಲಬುರಗಿ ಕಡೆಯಿಂದ ಬಂದು ಅಲ್ಲೇ ದಿನ್ನೆಯ ಮೇಲಿನ ತಗಡಿನ ಕೋಣೆಗಳಲ್ಲಿರುವ ಗಂಡ ಹೆಂಡತಿ, ಇಬ್ಬರೂ ಮಾಲು ಹೊರುವ ಕೆಲಸದವರು. ನಾವು ಒಳಗೆ ಕನ್ನಡದಲ್ಲಿ ಜಗಳವಾಡುವುದನ್ನು ಕೇಳಿ, ಸೊಂಟದುದ್ದ ನೀರಿನಲ್ಲಿ ಕೈಗಾಡಿ ತಳ್ಳಿಕೊಂಡು ಬಂದು ಗುರಮ್ಮ ಕಿಟಕಿ ಬಡಿದಳು: "ಯವ್ವಾ, ಲಗೂನ ಇಳೀರಿ, ನೀರು ಇನ್ನಾ ಏರ್ಲಕತ್ತದ!" ಅತ್ತೆಯವರು ಕೈಗಾಡಿಯ ಮೇಲೆ, ತಲೆಗೆ ಗೋಣಿಚೀಲ, ಮಡಿಲಲ್ಲಿ ಬರಿಯ ಬಿಂದಿಗೆ, ಹೀಗೆ ಉತ್ಸವಮೂರ್ತಿಯಂತೆ ದಿನ್ನೆ ಹತ್ತಿದರು. ತಾವು ಹಿಂದಿನಿಂದ ಇನ್ನೂ ಏನೋ ಹೇಳುತ್ತಿದ್ದಿರಿ.

ಗುರಮ್ಮನ ಕೋಣೆಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮಿತ್ತು. ಆಕೆ ಅದರೊಳಗೆ ಮುಂಗೈವರೆಗೆ ಅದ್ದಿ ಚೆಂಬು ತುಂಬಿ, "ಕುಡೀರಿ ಯವ್ವಾ, ಬಾಯಿ ಒಣಗ್ಯದ ನಿಮ್ದು" ಎಂದು ಚಾಚಿದಳು. ಸದಾ ಎತ್ತಿ ಕುಡಿಯುವ ನಮ್ಮ ಅತ್ತೆಯವರು ಆ ಚೆಂಬನ್ನು ಎರಡೂ ಕೈಯಲ್ಲಿ ಹಿಡಿದು, ತುಟಿ ಹಚ್ಚಿ, ಗಟಗಟನೆ ಕುಡಿದು ಮುಗಿಸಿ, "ಇನ್ನೊಂದು ಚೆಂಬು ಕೊಡು ತಾಯಿ" ಎಂದರು. ಬಾಟಲಿ ನನ್ನ ಕೈಯಲ್ಲೇ ಇತ್ತು. ಮೊದಲು ನನಗೆ ಹೋದ ಜೀವ ಬಂದಂತಾಯಿತು. ಆಮೇಲೆ ಹೊಟ್ಟೆ ಉರಿಯಿತು. ಎರಡೂ ನಿಜವೆಂದು ತಾವು ದಾಖಲಿಸಿಕೊಳ್ಳಬೇಕು.

ನೀರಿಳಿದ ಮೇಲೆ ಮನೆಗೆ ಬಂದೆವು. ಬಿಂದಿಗೆಗೆ ಹುಣಸೆಹಣ್ಣು ಬಿತ್ತು, ಥಳಥಳ ಹೊಳೆಯಿತು, ಮಡಿಯಲ್ಲಿ ತುಂಬಿತು, ಕಿಟಕಿಯ ಪಕ್ಕ ಕುಳಿತಿತು. ನಾನು ಮುಟ್ಟಕೂಡದು. ಮೊನ್ನೆ ಅತ್ತೆಯವರು ಸುಲೋಚನಾ ಅವರ ಬಳಿ, "ಆ ಗುರಮ್ಮ ಕೊಟ್ಟ ನೀರು ಅಮೃತ ಕಣ್ರೀ" ಎನ್ನುತ್ತಿದ್ದರು. ತಡೆಯಲಾಗಲಿಲ್ಲ. "ಅತ್ತೇ, ಅವರು ಯಾರು, ಎಂಥಾ ಕೈ ಅಂತ ನೀವು ಕೇಳಲೇ ಇಲ್ಲವಲ್ಲ?" ಎಂದೆ. ಅವರಿಗೆ ಸಿಟ್ಟು ಬರಲಿಲ್ಲ. ನನ್ನ ದಡ್ಡತನಕ್ಕೆ ನಿಜವಾಗಿಯೂ ಆಶ್ಚರ್ಯಪಟ್ಟು, "ಬಾಯಾರಿ ಸಾಯೋವಾಗ ಅದನ್ನೆಲ್ಲ ಕೇಳ್ತಾ ಕೂತ್ಕೋತಾರೇನೇ?" ಎಂದರು.

ಆದ್ದರಿಂದ ಮಾನ್ಯರೇ, ನನ್ನ ವಿನಮ್ರ ಬೇಡಿಕೆಗಳು. ಗ್ಯಾರೇಜಿನಿಂದ ಬಿಡುಗಡೆಯಾದ ಕೂಡಲೇ ತಾವು ನಮ್ಮ ಅಡುಗೆಮನೆಗೆ ವರ್ಗವಾಗಿ ಬರುವ ಕೃಪೆ ಮಾಡಬೇಕು. ತಮ್ಮ ಒಂದು ತಂತಿಯನ್ನು ತಾಮ್ರದ ಬಿಂದಿಗೆಯೊಳಗೆ ಇಳಿಬಿಟ್ಟು, ದಿನವಿಡೀ ಅದು ಖಾಲಿಯೆಂದೇ ಸಾರುತ್ತಿರಬೇಕು. ಹಿಂದಿಯಲ್ಲಿ ಬೇಡ, ಮೈಸೂರಿನ ಕನ್ನಡದಲ್ಲಿ ಹೇಳಿದರೆ ಹೆಚ್ಚು ಮಡಿ. ಸಾಧ್ಯವಾದರೆ ಇನ್ನೊಂದು ಪುಟ್ಟ ಕೆಂಪು ದೀಪವನ್ನೂ ಜೋಡಿಸಿಕೊಂಡು ಬನ್ನಿ. ಗಂಟಲು ಎಷ್ಟು ಒಣಗಿದರೆ ಸೊಸೆಯ ಕೈ ಶುದ್ಧವಾಗುತ್ತದೆಂದು ಅದು ತೋರಿಸಬೇಕು. ಅಂಥದ್ದನ್ನು ತಮ್ಮ ಇಂಜಿನಿಯರುಗಳು ಇನ್ನೂ ಕಂಡುಹಿಡಿದಿಲ್ಲವಾದರೆ ದಯವಿಟ್ಟು ತಿಳಿಸಿ, ನಾನು ಬೇರೆ ಏರ್ಪಾಡು ನೋಡಿಕೊಳ್ಳುತ್ತೇನೆ.

ಎರಡು ಬಾಟಲಿ ನೀರಿನ ಒಡತಿಯೂ
ತಮ್ಮ ವಿಶ್ವಾಸಿಯೂ ಆದ,
ಸುಗುಣಾ

ವಿ. ಸೂ.: ಉತ್ತರ ಬರೆಯುವ ಆತುರ ಬೇಡ, ಏರ್ಪಾಡು ಆಗಿದೆ. ನಮ್ಮ ಕಟ್ಟಡಕ್ಕೆ ನೀರು ಬರುವುದು ಬೆಳಗಿನ ಜಾವ ಸ್ವಲ್ಪ ಹೊತ್ತು. ಆಗ ಎದ್ದು, ವಾಲ್ವು ತಿರುಗಿಸಿ, ಅಡುಗೆಮನೆಯ ಅಟ್ಟದ ಟ್ಯಾಂಕು ತುಂಬಿಸಿದರೆ ಮಾತ್ರ ಆಮೇಲೆ ಅತ್ತೆಯವರ ಮಡಿಯ ನಲ್ಲಿಯಲ್ಲಿ ನೀರು. ಇಷ್ಟು ವರ್ಷ ದಿನಾ ಆ ವಾಲ್ವು ತಿರುಗಿಸುತ್ತಿದ್ದ ಕೈ ನನ್ನದು. ಅದನ್ನು ಅವರು ಕೇಳಿಲ್ಲ, ನಾನೂ ಹೇಳಿಲ್ಲ. ಇಂದು ತಿರುಗಿಸಲಿಲ್ಲ. ಟ್ಯಾಂಕಿನಲ್ಲಿ ನಿನ್ನೆ ಉಳಿದದ್ದರಿಂದ ಒಂದು ಹೂಜಿ ಮಾತ್ರ ತುಂಬಿಟ್ಟುಕೊಂಡಿದ್ದೇನೆ. ಅತ್ತೆಯವರ ಸ್ನಾನಕ್ಕೆ ಟ್ಯಾಂಕಿನ ತಳದ ನೀರು ಮುಗಿಯಿತು, ನಲ್ಲಿ ಗೊರಗೊರ ಅನ್ನುತ್ತಿದೆ, ಅವರ ಮಾತ್ರೆಯ ಹೊತ್ತಾಗಿದೆ. "ಸುಗುಣಾ" ಎಂದು ಕರೆಯುತ್ತಿದ್ದಾರೆ. ಹೂಜಿಯಿಂದ ಲೋಟ ತುಂಬಿಸಿಕೊಂಡು ಹೊರಟೆ.