ಏಜೆಂಟ್ ಬದಲಾಗಿದ್ದಾರೆ

ಇದು ನಡೆದದ್ದು ಕಳೆದ ವರ್ಷ ಶ್ರಾವಣದಲ್ಲಿ, ಎರಡು ವಾರಗಳ ಅವಧಿಯಲ್ಲಿ. ವಾರ ಅಂದರೆ ಸಿನಿಮಾದವರ ವಾರ, ಶುಕ್ರವಾರದಿಂದ ಗುರುವಾರದವರೆಗೆ.

ನಾನು ಮುಳಬಾಗಿಲಿನ ಒಂದು ಚಿತ್ರಮಂದಿರದ ಮ್ಯಾನೇಜರ್. ಊರು ಮಾಲೂರು. ಓದಿದ್ದು ಕೋಲಾರದಲ್ಲಿ ಬಿ.ಎಸ್ಸಿ.; ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ. ಈ ಮೂರಕ್ಕೂ ನನ್ನ ಕೆಲಸಕ್ಕೂ ಸಂಬಂಧವಿಲ್ಲ. ಪ್ರೊಜೆಕ್ಟರ್ ಜಾಗಕ್ಕೆ ಕಂಪ್ಯೂಟರ್ ಬಂದಾಗ ಹಳೆಯ ಮ್ಯಾನೇಜರ್ ಅದಕ್ಕೊಂದು ಕೈ ಮುಗಿದು ಮನೆಗೆ ಹೋದರು. ಕಂಪ್ಯೂಟರ್ ಗೊತ್ತು ಅನ್ನುವ ಕಾರಣಕ್ಕೆ ನಾನು ಬಂದೆ. ಇಲ್ಲಿ ಮುಂದೆ ಹೇಳುವಂಥ ಪ್ರಸಂಗಗಳು ವಾರಕ್ಕೆ ಮೂರರಂತೆ ನಡೆಯುತ್ತವೆ. ಮೊದಲ ವರ್ಷ ನಗು ಬರುತ್ತಿತ್ತು. ಈಗ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಟೀ ಕುಡಿಯುತ್ತೇನೆ.

ಆ ಎರಡು ವಾರಗಳ ವಿಷಯ ಇಷ್ಟು. ನಮ್ಮ ಕಡೆ ಹದಿನೆಂಟು ವರ್ಷಗಳಿಂದ ಓಡುತ್ತಿರುವ ಒಂದು ತೆಲುಗು ಗೂಢಚಾರಿ ಸರಣಿ ಇದೆ. ಆರು ಭಾಗ, ಆರರಲ್ಲೂ ಒಬ್ಬನೇ ಹೀರೋ. ಪಾತ್ರಕ್ಕೊಂದು ಹೆಸರಿದ್ದರೂ ಜನ ಕರೆಯುವುದು ‘ಏಜೆಂಟ್’ ಅಂತಲೇ. ಏಳನೇ ಭಾಗಕ್ಕೆ ಹೀರೋ ಬದಲಾದ. ಅದೇ ಹೊತ್ತಿಗೆ ನಮ್ಮ ಯಜಮಾನರ ತಲೆಯೊಳಗೆ ಟೊಮೆಟೊ ಕ್ರೇಟ್ ಹೊಕ್ಕಿತ್ತು.

“ನೋಡಮ್ಮ, ಮಂಡಿಯೋರು ಕ್ರೇಟ್ ಇಡೋಕೆ ಜಾಗ ಕೇಳ್ತಾವ್ರೆ. ಕ್ರೇಟಿಗೆ ಎಸಿ ಬೇಡ, ಇಂಟರ್‌ವಲ್ ಬೇಡ, ಅದು ಸೀಟು ಹರಿಯಲ್ಲ. ಈ ಏಜೆಂಟ್ ಎರಡನೇ ವಾರಕ್ಕೆ ಹೋದ್ರೆ ಥಿಯೇಟರ್ ಇರ್ತದೆ. ಇಲ್ಲಾಂದ್ರೆ ಗೋಡೌನ್” ಅಂದರು.

“ಗೋಡೌನ್ ಆದ್ರೆ ನಾನು?”

“ನೀನು ಸಸ್ಯಶಾಸ್ತ್ರ ಓದಿದ್ದೀಯಲ್ಲ. ಟೊಮೆಟೊ ನೋಡ್ಕೋ.”

೧. ಕಟೌಟ್

ಹೊಸ ಹೀರೋಗೆ ಹೊಸ ಕಟೌಟ್ ಬೇಕು ಅಂದೆ. ಯಜಮಾನರು ಒಪ್ಪಲಿಲ್ಲ.

“ಆರನೇ ಭಾಗದ್ದು ಹಿಂದ್ಗಡೆ ಬಿದ್ದೈತಲ್ಲ. ಸೂಟು ಅದೇ, ಬೂಟು ಅದೇ. ತಲೆ ಒಂದು ಬದಲಾಯಿಸು.”

ವಕ್ಕಲೇರಿಯಿಂದ ಪೇಂಟರ್ ಬಂದ. ಹಳೆಯ ತಲೆ ತೆಗೆದು, ಫ್ಲೆಕ್ಸಿನಲ್ಲಿ ಮುದ್ರಿಸಿದ ಹೊಸ ತಲೆ ಕೂರಿಸಿದ. ದೊಡ್ಡದಾಗಿ ಮುದ್ರಿಸಿದರೂ ಮಸುಕಾಗದ ಫೋಟೋ ನನಗೆ ಒಂದೇ ಸಿಕ್ಕಿತ್ತು. ಅದರಲ್ಲಿ ಹೊಸ ಹೀರೋ ಹಲ್ಲು ಬಿಟ್ಟು ನಗುತ್ತಿದ್ದ. ಕಟೌಟಿನ ಕೈಯಲ್ಲಿದ್ದ ಪಿಸ್ತೂಲು ಹಿಂದಿನ ವರ್ಷದ ಗಾಳಿಗೆ ಮುರಿದು ಹೋಗಿತ್ತು. ಹಾಗಾಗಿ ಇಪ್ಪತ್ತು ಅಡಿ ಎತ್ತರದ ಗೂಢಚಾರಿ ನಗುನಗುತ್ತಾ, ಬರಿಗೈ ಮೇಲೆತ್ತಿ, ರಸ್ತೆ ನೋಡುತ್ತಾ ನಿಂತ.

ಅರ್ಧ ಗಂಟೆಯಲ್ಲಿ ಸೊಪ್ಪು ಮಾರುವ ಅಜ್ಜಿಯೊಬ್ಬರು ಬುಟ್ಟಿ ಇಳಿಸಿ ಕೇಳಿದರು.

“ಇವ್ರು ಯಾವ ವಾರ್ಡಿಗೆ ನಿಂತವ್ರಮ್ಮ?”

“ಅಜ್ಜಿ, ಇದು ಎಲೆಕ್ಷನ್ ಅಲ್ಲ. ಸಿನಿಮಾ.”

“ಆಯ್ತು ಬಿಡು. ಗೆದ್ದ ಮೇಲೆ ಸಿನಿಮಾನೇ ತೋರ್ಸೋದು” ಅಂದು ಬುಟ್ಟಿ ಎತ್ತಿಕೊಂಡರು. “ನಮ್ಮ ಬೀದಿ ಚರಂಡಿ ವಿಷಯ ಅವ್ರ ಕಿವೀಗೆ ಹಾಕು.”

೨. ತಾಯಲೂರಿನ ಗಿಡ

ಹಳ್ಳಿಗಳಲ್ಲಿ ಆಟೋ ಪ್ರಚಾರಕ್ಕೆ ಮಾತು ಬರೆದುಕೊಡಬೇಕಿತ್ತು. ನಾನು ಉದ್ದ ಬರೆಯುವವಳಲ್ಲ. ಹೀಗೆ ಬರೆದೆ: “ಏಜೆಂಟ್ ಬದಲಾಗಿದ್ದಾರೆ! ಹೊಸ ಏಜೆಂಟ್ ಮುಳಬಾಗಿಲಿಗೆ ಬಂದಿದ್ದಾರೆ! ಇಂದೇ ಬಂದು ನೋಡಿ!” ಕೊನೆಗೆ ನಮ್ಮ ಚಿತ್ರಮಂದಿರದ ವಿಳಾಸ. ಸಿನಿಮಾ ಅನ್ನುವ ಪದ ಇರಲಿಲ್ಲ. ಆಟೋ ಗುರುವಾರ ತಾಯಲೂರು ಹೋಬಳಿಯಲ್ಲೆಲ್ಲ ಸುತ್ತಿತು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಒಬ್ಬ ರೈತರು ಬಂದರು. ಮೊದಲ ದಿನ ನಮ್ಮಲ್ಲಿ ಆಟ ಶುರುವಾಗುವುದು ಮ್ಯಾಟ್ನಿಯಿಂದ. ಕೈಯಲ್ಲಿ ಪ್ಲಾಸ್ಟಿಕ್ ಕವರ್. ಅದರೊಳಗೆ ಬೇರು ಸಮೇತ ಎರಡು ಟೊಮೆಟೊ ಗಿಡ.

“ಹೊಸ ಏಜೆಂಟ್ ಎಲ್ಲವ್ರೆ?”

“ಎರಡೂವರೆಗೆ ಬರ್ತಾರೆ.”

“ಬೇಗ ಬರಾಕಿಲ್ವಾ? ಗಿಡ ಬಾಡೋಗ್ತದೆ.”

ಅವರು ಬಂದಿದ್ದು ಬೀಜದ ಕಂಪನಿಯ ಏಜೆಂಟನ್ನು ನೋಡಲು ಅಂತ ಆಗ ಅರ್ಥವಾಯಿತು. ಕ್ಷಮೆ ಕೇಳಿ ವಿಷಯ ವಿವರಿಸಿದೆ. ಬಂದವರನ್ನು ಹಾಗೇ ಕಳಿಸಲು ಮನಸ್ಸಾಗದೆ ಗಿಡವನ್ನೂ ನೋಡಿದೆ. ಎಲೆ ಮುದುಡು ರೋಗ. ಬಿಳಿನೊಣ ಹರಡುತ್ತದೆ. ರೋಗ ಬಂದ ಗಿಡ ಕಿತ್ತುಹಾಕಿ, ಸಾಲಿನ ಮಧ್ಯೆ ಹಳದಿ ಅಂಟು ಹಾಳೆ ಕಟ್ಟಿ ಅಂದೆ. ಮೂರು ವರ್ಷದ ಡಿಗ್ರಿ ಮೊದಲ ಸಲ ಉಪಯೋಗಕ್ಕೆ ಬಂತು, ಅದೂ ಟಿಕೆಟ್ ಕೌಂಟರಿನಲ್ಲಿ.

ಅವರು ಯೋಚಿಸಿ, “ಹೆಂಗೂ ಬಂದಿದ್ದೀನಿ, ಆಯಪ್ಪನ್ನೂ ನೋಡ್ಕೊಂಡೇ ಹೋಗ್ತೀನಿ” ಅಂತ ಮ್ಯಾಟ್ನಿಗೆ ಕೂತರು. ಹೊರಗೆ ಬಂದಾಗ, ಹೇಗಿತ್ತು ಅಂತ ಕೇಳಿದೆ.

“ಮೂರು ದೇಶ ಸುತ್ತಿದ. ಒಂದು ಹೊಲಕ್ಕೂ ಇಳೀಲಿಲ್ಲ. ಹಳೇ ಏಜೆಂಟೇ ವಾಸಿ ಕಣಮ್ಮ, ಬೈಕಲ್ಲಿ ಬಂದು ಎಲೆ ತಿರುಗಿಸಿ ಆದ್ರೂ ನೋಡ್ತಿದ್ದ.”

೩. ಫೋನು

ಶನಿವಾರ ಶ್ರೀನಿವಾಸಪುರದಿಂದ ಒಂದು ಕರೆ.

“ಏಜೆಂಟ್ ಸಿನಿಮಾ ಐತಾ?”

“ಇದೆ ಸಾರ್. ನಾಲ್ಕು ಆಟ.”

“ಹೀರೋ ಹೊಸಬನಂತೆ?”

“ಹೌದು ಸಾರ್.”

“ನಾಲ್ಕು ಆಟಕ್ಕೂ ಅವನೇನಾ?”

“ನಾಲ್ಕಕ್ಕೂ ಅವರೇ.”

“ಹಳಬ ಯಾವ ಆಟಕ್ಕೆ ಬರ್ತಾನೆ ಹೇಳು. ನಾವು ಆಗ ಬರ್ತೀವಿ.”

ಅವರು ಬರಲ್ಲ ಸಾರ್ ಅಂದೆ. ಆ ಕಡೆಯಿಂದ, “ಫೋನು ಹಳೇ ಮ್ಯಾನೇಜರ್‌ಗೆ ಕೊಡಮ್ಮ, ನಿನಗೆ ಗೊತ್ತಿದ್ದಂಗಿಲ್ಲ.”

ನಾನು ಬಂದು ಎರಡು ವರ್ಷವಾಗಿತ್ತು.

೪. ವೇಷ

ನಮ್ಮ ಗೇಟಿನಲ್ಲಿ ಟಿಕೆಟ್ ಹರಿಯುವ ತಾತ ಮೂವತ್ತು ವರ್ಷದಿಂದ ಇದ್ದಾರೆ. ಸರಣಿಯ ಆರು ಭಾಗಗಳನ್ನೂ ದಿನಕ್ಕೆ ನಾಲ್ಕು ಸಲ ನೋಡಿದವರು. ಅವರಿಗೆ ಹೀರೋ ಬದಲಾದದ್ದರಲ್ಲಿ ನಂಬಿಕೆಯೇ ಇರಲಿಲ್ಲ.

“ಅದು ವೇಷ” ಅಂದರು.

“ಯಾವುದು ತಾತ?”

“ಆ ಮುಖ. ನಾಲ್ಕನೇ ಭಾಗದಲ್ಲಿ ಏಜೆಂಟು ಅರ್ಧ ಸಿನಿಮಾ ಬೇರೆ ಮುಖ ಹಾಕ್ಕೊಂಡಿದ್ದ. ಕೊನೇಲಿ ಕತ್ತಿನ ಹತ್ರ ಕೈ ಹಾಕಿ ಸರ್ರಂತ ಕಿತ್ತ. ಸೀಟು ಮುರಿದಿದ್ರು ಜನ. ಇದೂ ಹಂಗೇ. ಈ ಸಲ ಪೂರಾ ಸಿನಿಮಾ ಹಾಕ್ಕೊಂಡವ್ನೆ.”

“ಪೋಸ್ಟರ್‌ನಲ್ಲೇ ಹೊಸ ಹೀರೋ ಹೆಸರು ಇದೆ ತಾತ.”

ತಾತ ನನ್ನನ್ನು ಕರುಣೆಯಿಂದ ನೋಡಿದರು. “ಪೋಸ್ಟರನ್ನ ವಿಲನ್ ಕಡೆಯವ್ರೂ ನೋಡ್ತಾರೆ ಕಣಮ್ಮ.”

ಇದು ಶುಕ್ರವಾರ ಬೆಳಗಿನ ಮಾತು. ಅಂದಿನ ಮ್ಯಾಟ್ನಿ ಮುಗಿಯಿತು. ಕೊನೆಯ ದೃಶ್ಯದಲ್ಲಿ ಹೊಸ ಹೀರೋ ಕನ್ನಡಿ ಮುಂದೆ ನಿಂತು, ಕತ್ತಿನ ಹತ್ತಿರ ಕೈ ಹಾಕಿ, ಟೈ ಸಡಿಲಿಸಿಕೊಂಡ. ಅಷ್ಟೇ. ಪರದೆ ಕಪ್ಪಾಯಿತು. ತಾತ ನೇರ ನನ್ನ ಕೋಣೆಗೆ ಬಂದರು.

“ಕೊನೇ ರೀಲು ಯಾಕೆ ಹಾಕ್ಲಿಲ್ಲ?”

“ಈಗ ರೀಲು ಇಲ್ಲ ತಾತ. ಎಲ್ಲ ಒಂದೇ ಡಬ್ಬೀಲಿ ಬರುತ್ತೆ.” ಹಾರ್ಡ್ ಡಿಸ್ಕ್ ತೋರಿಸಿದೆ.

ತಾತ ಅದನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿದರು.

“ಒಳಗೆ ಸಿಕ್ಕಾಕೊಂಡೈತೆ” ಅಂದರು.

೫. ಚಾಲು

ನಾನು ಪ್ರತಿ ಆಟಕ್ಕೂ ಬಂದವರನ್ನು ಎಣಿಸಿ ಬರೆದಿಡುತ್ತೇನೆ. ನಮ್ಮಲ್ಲಿ ಸೀಟು ನಾನೂರ ಹನ್ನೆರಡು. ಶುಕ್ರವಾರದ ಮ್ಯಾಟ್ನಿಗೆ ಮೂವತ್ತೆಂಟು ಜನ. ಶನಿವಾರ ನಲವತ್ತನಾಲ್ಕು. ಈ ಲೆಕ್ಕದಲ್ಲಿ ಕ್ರೇಟು ಬರುವುದು ಖಚಿತವಿತ್ತು. ಶನಿವಾರ ಕ್ರೇಟಿನ ಕಡೆಯವರೊಬ್ಬರು ಬಂದು ಟೇಪು ಹಿಡಿದು ಬಾಲ್ಕನಿ ಅಳೆದುಕೊಂಡೂ ಹೋದರು. ನಾನು ಮಾಲೂರಿಗೆ ಫೋನ್ ಮಾಡಿ, ಬಹುಶಃ ಮುಂದಿನ ತಿಂಗಳು ಮನೆಗೆ ಬರ್ತೀನಿ ಅಂದೆ. ಎಷ್ಟು ದಿನಕ್ಕೆ ಅಂತ ಅಮ್ಮ ಕೇಳಿದರು. ಗೊತ್ತಿಲ್ಲ ಅಂದೆ.

ಭಾನುವಾರದ ಮ್ಯಾಟ್ನಿಗೆ ನೂರ ಎಪ್ಪತ್ತೊಂದು ಜನ ಬಂದರು.

ಕಾರಣ ಹುಡುಕಿದೆ. ಗೇಟಿನಲ್ಲೇ ಸಿಕ್ಕಿತು. ಎರಡು ದಿನದಿಂದ ತಾತ ಸಿಕ್ಕಸಿಕ್ಕವರ ಕಿವಿಯಲ್ಲಿ, “ಯಾರಿಗೂ ಹೇಳ್ಬೇಡಿ, ಭಾನುವಾರ ಮುಖವಾಡ ತೆಗೀತಾನೆ” ಅಂತ ಹೇಳಿದ್ದರು. ಡಬ್ಬಿ ಅಲ್ಲಾಡಿಸಿದ್ದೇನಲ್ಲ, ಭಾನುವಾರದೊಳಗೆ ಸರಿ ಹೋಗುತ್ತದೆ ಅನ್ನುವುದು ಅವರ ಲೆಕ್ಕ. ಯಾರಿಗೂ ಹೇಳಬೇಡಿ ಅಂದಿದ್ದರಿಂದ ಸುದ್ದಿ ಆಂಧ್ರದ ಗಡಿಯವರೆಗೂ ಹೋಗಿತ್ತು.

ಅದೇ ಮ್ಯಾಟ್ನಿಗೆ ವಿತರಕರ ಕಡೆಯ ಪ್ರತಿನಿಧಿಯೂ ಬಂದರು. ಸಿನಿಮಾ ಎರಡನೇ ವಾರ ನಮ್ಮಲ್ಲಿ ಇರಬೇಕೋ ಬೇಡವೋ ಅಂತ ಅವರ ವರದಿಯ ಮೇಲೆ ನಿರ್ಧಾರ. ಅವರೂ ಹೊಸಬರೇ. ಹುಬ್ಬಳ್ಳಿಯಿಂದ ಈ ಕಡೆಗೆ ಬಂದು ಹತ್ತು ದಿನವಾಗಿತ್ತು. ತೆಲುಗು ಒಂದಕ್ಷರ ಬರುತ್ತಿರಲಿಲ್ಲ. ನನ್ನ ಕೋಣೆಯಲ್ಲಿ ಕೂತು ಟೀ ಕುಡಿಯುತ್ತಿದ್ದರು. ಯಜಮಾನರೂ ಇದ್ದರು. ಗೋಡೆಯ ಆಚೆ ಸಿನಿಮಾ ಮುಗಿಯುತ್ತಾ ಬಂದಿತ್ತು.

ಕನ್ನಡಿಯ ದೃಶ್ಯ ಬಂತು. ಹೊಸ ಹೀರೋ ಕತ್ತಿನ ಹತ್ತಿರ ಕೈ ಹಾಕಿದ. ನೂರ ಎಪ್ಪತ್ತೊಂದು ಜನ ಎದ್ದು ನಿಂತರು. ಕುರ್ಚಿಗಳು ಒಟ್ಟಿಗೆ ಮಡಚಿಕೊಂಡ ಸದ್ದು ಕೋಣೆಗೂ ಕೇಳಿತು. ಮೊದಲು ಒಬ್ಬ ಕೂಗಿದ, “ಚಾಲು ಸಾಮೀ! ತೀಯಿ ಇಂಕ!” ಸಾಕು ಸ್ವಾಮಿ, ತೆಗೆಯಪ್ಪ ಇನ್ನು ಅಂತ ಅದರ ಅರ್ಥ. ಉಳಿದವರಿಗೆ ಅಷ್ಟುದ್ದ ಕೂಗುವ ತಾಳ್ಮೆ ಇರಲಿಲ್ಲ. ಒಂದೇ ಪದ ಹಿಡಿದುಕೊಂಡರು. “ಚಾಲು! ಚಾಲು! ಚಾಲು!”

ತೆಲುಗಿನಲ್ಲಿ ಚಾಲು ಅಂದರೆ ಸಾಕು. ಹುಬ್ಬಳ್ಳಿಯಲ್ಲಿ ಚಾಲೂ ಅಂದರೆ ನಡೆಯುತ್ತಿರಲಿ.

ಪ್ರತಿನಿಧಿಯವರು ಟೀ ಲೋಟ ಕೆಳಗಿಟ್ಟರು.

“ಏನ್ರೀ ಇದು! ಸಿನಿಮಾ ಮುಗ್ಯಾಕತ್ತದ, ಮಂದಿ ಇನ್ನೂ ಚಾಲೂ ಇಡ್ರಿ ಅಂತ ಒದರಾಕತ್ತಾರಲ್ರೀ!”

ನಾನು ಬಾಯಿ ತೆರೆದೆ. ಹಾಗೇ ಯಜಮಾನರ ಕಡೆ ನೋಡಿದೆ. ಅವರ ಮನೆಮಾತು ತೆಲುಗು. ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಕ್ರೇಟು ಬೇಕಿದ್ದರೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವರು ತಲೆ ಎತ್ತಿ ಫ್ಯಾನು ನೋಡುತ್ತಿದ್ದರು. ಫ್ಯಾನು ತಿರುಗುತ್ತಿರಲಿಲ್ಲ.

“ಚಾಲೂ ಅಂತನ ಅನ್ನಾಕತ್ತಾರ ಹೌದಲ್ರೀ ಮೇಡಂ?” ಪ್ರತಿನಿಧಿಯವರು ಕೇಳಿದರು.

“ಹೌದು ಸಾರ್. ಪದ ಅದೇ.”

ಪ್ರಯೋಗಾಲಯದಲ್ಲಿ ನಮಗೆ ಹೇಳಿಕೊಟ್ಟದ್ದು, ಕಂಡದ್ದನ್ನು ಬರೆಯಿರಿ, ನಿಮ್ಮ ಅಭಿಪ್ರಾಯ ಬೆರೆಸಬೇಡಿ ಅಂತ. ಬೆರೆಸಲಿಲ್ಲ.

ಅವರು ಆಫೀಸಿಗೆ ಫೋನ್ ಹಚ್ಚಿ, ಮೊಬೈಲನ್ನು ಗೋಡೆಯ ಕಡೆ ಹಿಡಿದರು. “ಕೇಳ್ರಿ ಸರ, ನೀವ ಕೇಳ್ರಿ.” ಅಷ್ಟು ಹೊತ್ತಿಗೆ ಪರದೆ ಕಪ್ಪಾಗಿತ್ತು, ಮುಖವಾಡ ಕಳಚಿರಲಿಲ್ಲ. ಕೂಗು ದುಪ್ಪಟ್ಟಾಗಿತ್ತು. ಬೆಂಗಳೂರಿನ ಆಫೀಸು ಅರ್ಧ ನಿಮಿಷ ಕೇಳಿ ಎರಡನೇ ವಾರ ಕೊಟ್ಟಿತು.

ಪ್ರತಿನಿಧಿಯವರು ಅಷ್ಟಕ್ಕೇ ಬಿಡಲಿಲ್ಲ. ಜನ ಕೂಗಿದ ಮಾತನ್ನೇ ಜನರಿಗೆ ಕೊಡಬೇಕು ಅಂತ ತಾವೇ ಮುಂದೆ ನಿಂತು ಬೋರ್ಡು ಬರೆಸಿದರು. ಅದೇ ವಕ್ಕಲೇರಿ ಪೇಂಟರ್. ‘ಚಾಲೂ’ ಅಂತ ಬರೆದುಕೊಟ್ಟರೆ, ನಮ್ಮ ಕಡೆ ಹೀಗೆ ಅಂತ ಅವನು ಕೊಂಬನ್ನು ಚಿಕ್ಕದು ಮಾಡಿದ. ಶುಕ್ರವಾರ ಬೆಳಿಗ್ಗೆ ಕಟೌಟಿನ ಕಾಲಬುಡದಲ್ಲಿ ಕೆಂಪಕ್ಷರದಲ್ಲಿ ಬೋರ್ಡು ನಿಂತಿತು: “ಎರಡನೇ ವಾರ. ಈ ಸಿನಿಮಾ ಚಾಲು.”

ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ಓದಿದರು. ತಲೆಯಾಡಿಸಿ ಮುಂದೆ ಹೋದರು. ಇಬ್ಬರು ಬೈಕ್ ನಿಲ್ಲಿಸಿ ಫೋಟೋ ತೆಗೆದುಕೊಂಡರು. ತಾತ ಗೇಟಿನಿಂದ ಬಂದು, ಕನ್ನಡಕ ಏರಿಸಿ, ಎರಡು ಸಲ ಓದಿದರು.

“ಮೂವತ್ತು ವರ್ಷದಲ್ಲಿ ಈ ಥಿಯೇಟರ್‌ನೋರು ಬರೆದಿರೋ ಮೊದಲನೇ ನಿಜ ಇದು” ಅಂದರು.

ಯಜಮಾನರು ಮಧ್ಯಾಹ್ನ ಬಂದು ಬೋರ್ಡು ನೋಡಿದರು. ಅಲ್ಲೇ ನಿಂತು ಕ್ರೇಟಿನವರಿಗೆ ಫೋನ್ ಮಾಡಿ, ಬೇರೆ ಜಾಗ ನೋಡ್ಕೊಳ್ಳಿ ಅಂದರು. ನಾನು ತಡೆಯಲಾರದೆ, “ಜನ ಬರದಿದ್ರೆ ಸಾರ್?” ಅಂತ ಕೇಳಿದೆ.

“ಎರಡನೇ ವಾರಕ್ಕೆ ಹೋದ್ರೆ ಇರ್ತದೆ ಅಂದಿದ್ದೆ. ಎಷ್ಟು ಜನ ಅಂತ ಹೇಳಿದ್ನಾ?”

ಹೇಳಿರಲಿಲ್ಲ. ನೋಟ್‌ಬುಕ್ ತೆಗೆದು ನೋಡಿದೆ, ನಿಜಕ್ಕೂ ಹೇಳಿರಲಿಲ್ಲ. ಅಮ್ಮನಿಗೆ ಫೋನ್ ಮಾಡಿ, ಮುಂದಿನ ತಿಂಗಳು ಬರುವುದಿಲ್ಲ ಅಂದೆ. ಆಮೇಲೆ ಎರಡೂವರೆಗೆ ಬಾಗಿಲು ಹಾಕಿಸಿ, ಒಳಗೆ ಹೋಗಿ ಎಣಿಸಿದೆ. ತಾಯಲೂರಿನ ರೈತರು ಇನ್ನೊಂದು ಗಿಡ ಹಿಡಿದು ಮುಂದಿನ ಸಾಲಿನಲ್ಲಿ ಕೂತಿದ್ದರು. ಈ ಸಲ ನನ್ನನ್ನು ಕೇಳಲು ಬಂದದ್ದಂತೆ, ಇಂಟರ್‌ವಲ್‌ವರೆಗೆ ಕಾಯುತ್ತೇನೆ ಅಂದರು. ತಾತ ಗೇಟು ಬಿಟ್ಟು ಬಂದು ಕೊನೆಯ ಸಾಲಿನಲ್ಲಿ ಕೂತಿದ್ದರು, ಮುಖವಾಡಕ್ಕೆ. ಇಬ್ಬರನ್ನೂ ಸೇರಿಸಿ ಏಳು ಜನ.